ಕಾರು ನಿಲ್ಲಿಸುವ ಕಸುಬು

1903ರ ಮೇ ತಿಂಗಳಲ್ಲಿ ಡಾಕ್ಟರ್ ಹೊರೇಶಿಯೊ ನೆಲ್ಸನ್ ಜಾಕ್ಸನ್ ಸ್ಯಾನ್ ಫ್ರಾನ್ಸಿಸ್ಕೊದ ಕ್ಲಬ್ಬೊಂದರಲ್ಲಿ ಐವತ್ತು ಡಾಲರ್ ಬಾಜಿ ಕಟ್ಟಿದರು. ಮೂರು ತಿಂಗಳೊಳಗೆ ಕಾರಿನಲ್ಲಿ ನ್ಯೂಯಾರ್ಕ್ ಮುಟ್ಟುತ್ತೇನೆ ಎಂಬುದು ಪಂಥ. ಆ ಹೊತ್ತಿಗೆ ಅವರ ಹತ್ತಿರ ಸ್ವಂತದ್ದೊಂದು ಕಾರೂ ಇರಲಿಲ್ಲ. ಕೆಲವೇ ದಿನಗಳಲ್ಲಿ ಯಾರೋ ಓಡಿಸಿದ್ದ ವಿಂಟನ್ ಗಾಡಿಯೊಂದನ್ನು ಕೊಂಡು, ಸೀವಾಲ್ ಕ್ರಾಕರ್ ಎಂಬ ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟರು. ಹೆಂಡತಿ ಬರ್ತಾ ಬುದ್ಧಿವಂತೆ. ವರ್ಮಾಂಟಿನ ಮನೆಗೆ ರೈಲು ಹತ್ತಿದರು. ದಾರಿಯಲ್ಲಿ ಜಾಕ್ಸನ್ ಬಡ್ ಎಂಬ ನಾಯಿಯೊಂದನ್ನು ಕೊಂಡರು, ಕಣ್ಣಿಗೆ ಧೂಳು ಬೀಳದಿರಲೆಂದು ಅದಕ್ಕೂ ಕನ್ನಡಕ ತೊಡಿಸಿದರು. 63 ದಿನಗಳ ಮೇಲೆ ನ್ಯೂಯಾರ್ಕ್ ಸೇರಿದಾಗ ಐವತ್ತು ಡಾಲರ್ ಬಾಜಿಗೆ ಖರ್ಚಾದದ್ದು ಸುಮಾರು 8,000 ಡಾಲರ್. ಬರ್ತಾ ಸಿರಿವಂತ ಔಷಧಿ ತಯಾರಕರ ಮಗಳಾಗಿದ್ದರಿಂದ ಸಂಸಾರಕ್ಕೇನೂ ಬಾಧಕವಾಗಲಿಲ್ಲ.

ಈ ಪ್ರಯಾಣದ ಒಂದು ಪ್ರಸಂಗವನ್ನು ಮರೆಯಬಾರದು. ಕ್ಯಾಲಿಫೋರ್ನಿಯಾದಲ್ಲಿ ಕುದುರೆ ಮೇಲೆ ಬರುತ್ತಿದ್ದ ಹೆಂಗಸೊಬ್ಬಳನ್ನು ಜಾಕ್ಸನ್ ದಾರಿ ಕೇಳಿದರು. ಆಕೆ ಬೇಕೆಂದೇ ತಪ್ಪು ದಾರಿ ತೋರಿಸಿದಳು, ನೂರು ಮೈಲಿಗೂ ಮಿಕ್ಕಿದ ಸುತ್ತು. ತನ್ನ ಮನೆಯವರು ಜನ್ಮದಲ್ಲಿ ಕಾರು ಕಂಡವರಲ್ಲ, ಒಮ್ಮೆ ನೋಡಲಿ ಎಂಬುದಷ್ಟೇ ಆಕೆಯ ಆಸೆ. ಆಗ ದಾರಿಬದಿಯ ವಿಚಿತ್ರ ಕಾರೇ ಆಗಿತ್ತು. ಊರಿನವರು ನಿಂತು ನೋಡುತ್ತಿದ್ದರು. ಮುಂದಿನ ಮೂವತ್ತು ವರ್ಷಗಳಲ್ಲಿ ಇದು ತಿರುಗುಮುರುಗಾಯಿತು. ಕಾರಿನವರು ನಿಂತು ನೋಡಲಿ ಎಂದು ಊರುಗಳೇ ವೇಷ ಕಟ್ಟತೊಡಗಿದವು.

1909ರಲ್ಲಿ 22 ವರ್ಷದ ಆಲಿಸ್ ರಾಮ್ಸಿ ಇಬ್ಬರು ನಾದಿನಿಯರನ್ನೂ ಒಬ್ಬ ಗೆಳತಿಯನ್ನೂ ಮ್ಯಾಕ್ಸ್‌ವೆಲ್ ಕಾರಿಗೆ ಹತ್ತಿಸಿಕೊಂಡು ನ್ಯೂಯಾರ್ಕಿನಿಂದ ಹೊರಟು 59 ದಿನಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಲುಪಿದರು. ಕಾರು ಓಡಿಸಿಕೊಂಡು ದೇಶ ದಾಟಿದ ಮೊದಲ ಹೆಂಗಸು. ಈ ಸಲ ಮನೆಯಲ್ಲಿ ಉಳಿದದ್ದು ಗಂಡ. ಗಂಡ ಹೆಂಡತಿ ಜೊತೆಯಾಗಿ ಹೋಗಿ ಅದನ್ನು ಬರೆದಿಟ್ಟವರಲ್ಲಿ ಎಫಿ ಗ್ಲ್ಯಾಡಿಂಗ್ ಮುಂಚೂಣಿಯವರು. 1914ರಲ್ಲಿ ಗಂಡನೊಡನೆ ಪಶ್ಚಿಮದಿಂದ ಪೂರ್ವಕ್ಕೆ ಬಂದ ಆಕೆ ಮರುವರ್ಷವೇ ಪುಸ್ತಕ ಪ್ರಕಟಿಸಿದರು. ಅವರು ಹಿಡಿದ ಲಿಂಕನ್ ಹೆದ್ದಾರಿ ಆಗಿನ್ನೂ ಒಂದು ವರ್ಷದ ಕೂಸು. ಇಂಡಿಯಾನಾಪೊಲಿಸ್‌ನ ಕಾರ್ ರೇಸ್ ಮೈದಾನ ಕಟ್ಟಿಸಿದವರಲ್ಲೊಬ್ಬರಾದ ಕಾರ್ಲ್ ಫಿಶರ್, 1913ರಲ್ಲಿ ಟೈಮ್ಸ್ ಚೌಕದಿಂದ ಸ್ಯಾನ್ ಫ್ರಾನ್ಸಿಸ್ಕೊದ ಲಿಂಕನ್ ಪಾರ್ಕಿನವರೆಗೆ 3,389 ಮೈಲಿಯ ಗೆರೆ ಎಳೆಸಿದ್ದರು. ಗೆರೆ ಎಳೆದದ್ದು ನಿಜ. ರಸ್ತೆ ಬಹಳ ಕಡೆ ಕೆಸರೇ.

ಆಮೇಲೆ ಎಲ್ಲ ಬೇಗ ಬೇಗ ಆಯಿತು. 1908ರಲ್ಲಿ 850 ಡಾಲರ್ ಇದ್ದ ಫೋರ್ಡ್ ಮಾಡೆಲ್ ಟಿ 1925ಕ್ಕೆ 260 ಡಾಲರಿಗೆ ಇಳಿಯಿತು. 1926ರಲ್ಲಿ ಹೆದ್ದಾರಿಗಳಿಗೆ ಹೆಸರಿನ ಬದಲು ಅಂಕಿ ಬಂತು. ಶಿಕಾಗೊದಿಂದ ಲಾಸ್ ಏಂಜಲಿಸ್‌ವರೆಗಿನ 2,448 ಮೈಲಿಗೆ ಸಿಕ್ಕಿದ್ದು 66. ಈ ದಾರಿಗಳೆಲ್ಲ ಎರಡೇ ಸಾಲಿನವು, ಪ್ರತಿ ಊರಿನ ಪೇಟೆ ಬೀದಿಯಲ್ಲೇ ಹಾಯುತ್ತಿದ್ದವು. ಕಾರಿನ ವೇಗ ಗಂಟೆಗೆ ಮೂವತ್ತೈದು, ನಲವತ್ತು ಮೈಲಿ. ಒಳಗೆ ಎ.ಸಿ. ಇಲ್ಲ. ಇಂಜಿನ್ ಕಾಯುತ್ತಿತ್ತು, ಮಕ್ಕಳು ಅಳುತ್ತಿದ್ದವು, ಗಂಡ ಹೆಂಡಿರ ನಡುವೆ ನಕ್ಷೆಗಾಗಿ ಜಗಳ. ಬೀದಿಯ ಎರಡೂ ಕಡೆ ಅಂಗಡಿ ಇಟ್ಟುಕೊಂಡವರಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಎಲ್ಲಿ ಸಿಗಬೇಕು? ಆದರೆ ಗಿರಾಕಿ ನಿಲ್ಲಬೇಕಲ್ಲ!

ದಕ್ಷಿಣ ಡಕೋಟಾದ ವಾಲ್ ಎಂಬ ಊರಿನ ಕಷ್ಟವೂ ಅದೇ ಆಗಿತ್ತು. 1931ರ ಡಿಸೆಂಬರ್‌ನಲ್ಲಿ ಟೆಡ್ ಹಸ್ಟೆಡ್ ಎಂಬ ತರುಣ ಔಷಧಿ ವ್ಯಾಪಾರಿ, ತಂದೆ ಬಿಟ್ಟುಹೋದ 3,000 ಡಾಲರ್ ಹಾಕಿ ಅಲ್ಲಿನ ಔಷಧಿ ಅಂಗಡಿಯನ್ನು ಕೊಂಡರು. ಊರಿನ ಜನಸಂಖ್ಯೆ 326. ಆರ್ಥಿಕ ಮುಗ್ಗಟ್ಟಿನ ನಟ್ಟನಡುವಿನ ಕಾಲ. ಸುತ್ತಲಿನ ರೈತರು ಬರ ಮತ್ತು ಧೂಳಿಗೆ ಸಿಕ್ಕಿ ಹಣ್ಣಾಗಿದ್ದರು. ಟೆಡ್ ಮತ್ತು ಹೆಂಡತಿ ಡಾರತಿ ಐದು ವರ್ಷ ನೋಡೋಣ, ಆಗದಿದ್ದರೆ ಬಿಟ್ಟುಹೋಗೋಣ ಎಂದು ಮಾತಾಡಿಕೊಂಡಿದ್ದರು. ಗಲ್ಲಾಪೆಟ್ಟಿಗೆ ಬರಿದಾಗಿದ್ದರೂ ಹತ್ತಿರದ ಹೆದ್ದಾರಿಯಲ್ಲಿ ಕಾರುಗಳಿಗೆ ಬರವಿರಲಿಲ್ಲ. ಅಮೆರಿಕದ ನಾಲ್ವರು ಅಧ್ಯಕ್ಷರ ಮುಖಗಳನ್ನು ಬಂಡೆಯಲ್ಲಿ ಕೊರೆಯುತ್ತಿದ್ದ ಮೌಂಟ್ ರಶ್ಮೋರ್ ಅದೇ ದಿಕ್ಕಿಗಿತ್ತು. ಕೆಲಸ 1927ರಲ್ಲಿ ಶುರುವಾಗಿ ಇನ್ನೂ ನಡೆದಿತ್ತು, ನೋಡಲು ಜನ ಹೋಗುತ್ತಿದ್ದರು. ವಾಲ್‌ನಲ್ಲಿ ಮಾತ್ರ ಯಾರೂ ಇಳಿಯುತ್ತಿರಲಿಲ್ಲ.

ಐದನೆಯ ವರ್ಷ, 1936ರ ಬೇಸಿಗೆ. ಅಮೆರಿಕದ ನಡುನಾಡು ಕಂಡ ಅತಿ ಉರಿಬಿಸಿಲಿನ ಬೇಸಿಗೆಗಳಲ್ಲಿ ಅದೊಂದು. ಒಂದು ಮಧ್ಯಾಹ್ನ ಡಾರತಿ ಕೂಸನ್ನು ಮಲಗಿಸಿ ತಾವೂ ಅಡ್ಡಾಗಲು ಹೋದರು. ಹಳೆ ಕಾರುಗಳ ಗಡಗಡ ಸದ್ದಿಗೆ ನಿದ್ದೆ ಹತ್ತಲಿಲ್ಲ. ಎದ್ದು ಬಂದವರು ಗಂಡನಿಗೆ ಹೇಳಿದ ಉಪಾಯ ಇಷ್ಟೇ: ಈ ಬಿಸಿಲಲ್ಲಿ ಹೋಗುವವರಿಗೆ ಬೇಕಾದದ್ದು ತಣ್ಣನೆ ನೀರು, ನಮ್ಮಲ್ಲಿ ಐಸೂ ಇದೆ ನೀರೂ ಇದೆ, ಪುಕ್ಕಟೆ ಕೊಡುತ್ತೇವೆಂದು ರಸ್ತೆಯಲ್ಲಿ ಬೋರ್ಡು ಹಾಕೋಣ. ಬೋರ್ಡಿನ ಒಕ್ಕಣೆಯನ್ನೂ ಆಕೆಯೇ ಪ್ರಾಸ ಹಾಕಿ ಹೊಸೆದಿದ್ದರು. ಟೆಡ್ ಶಾಲೆಯ ಹುಡುಗನೊಬ್ಬನನ್ನು ಕರೆದುಕೊಂಡು ಅಡಿ ಅಗಲ, ಮೂರಡಿ ಉದ್ದದ ಹಲಗೆಗಳಿಗೆ ಬಣ್ಣ ಬಳಿದರು. ಒಂದು ಹಲಗೆಗೆ ಒಂದೊಂದೇ ತುಣುಕು. ವಾರಾಂತ್ಯದಲ್ಲಿ ಹೋಗಿ ದಾರಿಯುದ್ದಕ್ಕೂ ಅಂತರ ಬಿಟ್ಟು ಬಿಟ್ಟು ನೆಟ್ಟರು. ಇದೆಲ್ಲ ಪೆದ್ದುತನವೇನೋ ಎಂಬ ಅಳುಕು ಅವರಿಗಿತ್ತಂತೆ. ನೆಟ್ಟು ಅಂಗಡಿಗೆ ಮರಳುವಷ್ಟರಲ್ಲಿ ನೀರಿಗೆ ಜನ ಬಂದು ನಿಂತಿದ್ದರು. ಮುಂದಿನ ಬೇಸಿಗೆಗೆ ಎಂಟು ಹುಡುಗಿಯರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕಾಯಿತು.

ನೀರು ಪುಕ್ಕಟೆ ನಿಜ, ಆದರೆ ಲೋಟ ಖಾಲಿ ಮಾಡಿದವರು ಸುಮ್ಮನೆ ಹೋಗುವುದಿಲ್ಲ. ಐಸ್‌ಕ್ರೀಂ ಕೇಳುತ್ತಾರೆ, ತಲೆನೋವಿನ ಮಾತ್ರೆ ಕೇಳುತ್ತಾರೆ, ಊರಿಗೆ ಹಾಕಲು ಒಂದು ಪೋಸ್ಟ್‌ಕಾರ್ಡು ಕೇಳುತ್ತಾರೆ. ಬಾಯಾರಿದವರಿಗೆ ನೀರು ಕೊಡುವುದನ್ನು ಪುಣ್ಯವೆಂದು ಅರವಟ್ಟಿಗೆ ಇಡುವ ನಾಡಿನವರಿಗೆ ಈ ಲೆಕ್ಕಾಚಾರ ಸ್ವಲ್ಪ ಇರಿಸುಮುರಿಸು ತಂದೀತು. ಆದರೂ ಹಸ್ಟೆಡ್ ದಂಪತಿ ಯಾರನ್ನೂ ವಂಚಿಸಲಿಲ್ಲ. ನೀರು ಇಂದಿಗೂ ಪುಕ್ಕಟೆ, ಕಾಫಿ ಐದು ಸೆಂಟ್. ಸೈನಿಕರಿಗೆ, ಪಾದ್ರಿಗಳಿಗೆ, ಲಾರಿ ಚಾಲಕರಿಗೆ, ಮಧುಚಂದ್ರಕ್ಕೆ ಹೊರಟ ಜೋಡಿಗಳಿಗೆ ಕಾಫಿ ಮತ್ತು ಡೋನಟ್ ಬಿಟ್ಟಿ ಎಂಬ ಪದ್ಧತಿಯೂ ಬಂತು. ಈಗ ವರ್ಷಕ್ಕೆ ಸುಮಾರು ಇಪ್ಪತ್ತು ಲಕ್ಷ ಜನ ಬರುವ ಆ ಅಂಗಡಿ ಊರಿನ ಒಂದು ಬೀದಿಯನ್ನೇ ನುಂಗಿ ಕೂತಿದೆ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ರಶ್ಮೋರ್ ನೋಡಿ ಬಂದ ಕನ್ನಡದ ಅಪ್ಪ ಅಮ್ಮಂದಿರಲ್ಲೂ ಕೆಲವರು ಇಲ್ಲಿ ನೀರು ಕುಡಿದಿರಬೇಕು. ಆ ದಾರಿಯಲ್ಲಿ ತಪ್ಪಿಸಿಕೊಳ್ಳುವುದು ಕಷ್ಟ.

ಹಲಗೆಗಳನ್ನು ಸಾಲಾಗಿ ನೆಡುವ ಉಪಾಯ ಡಾರತಿಯದ್ದಲ್ಲ. 1925ರಲ್ಲಿ ಮಿನೆಸೋಟದ ಒಡೆಲ್ ಕುಟುಂಬ ಬರ್ಮಾ ಶೇವ್ ಎಂಬ ಬ್ರಷ್ ಬೇಕಿಲ್ಲದ ಕ್ಷೌರದ ಕ್ರೀಮನ್ನು ಮಾರಲು ಇದನ್ನು ಹೂಡಿತ್ತು. ಪುಟ್ಟ ಚುಟುಕವೊಂದನ್ನು ಆರು ಹಲಗೆಗಳಿಗೆ ಹಂಚಿ, ಕೊನೆಯ ಹಲಗೆಯಲ್ಲಿ ಕ್ರೀಮಿನ ಹೆಸರು. ಕಾರಿನಲ್ಲಿ ಒಬ್ಬರು ಗಟ್ಟಿಯಾಗಿ ಓದುತ್ತಿದ್ದರು, ಮುಂದಿನ ಸಾಲಿಗೆ ಉಳಿದವರು ಕಾಯುತ್ತಿದ್ದರು. ಉತ್ತುಂಗದಲ್ಲಿ ದೇಶದ ತುಂಬ ಇಂಥ ಸುಮಾರು 7,000 ಸಾಲುಗಳಿದ್ದವು. ನಲವತ್ತು ಮೈಲಿ ವೇಗಕ್ಕೆ ಅಳೆದು ಹೊಲಿದ ಸಾಹಿತ್ಯ ಅದು.

ಟೆನೆಸಿಯ ಚಟನೂಗ ಪಟ್ಟಣದ ನೆತ್ತಿಗೆ ಲುಕೌಟ್ ಬೆಟ್ಟ. ಅಲ್ಲಿ ಇನ್ನೊಂದು ದಂಪತಿ. ಫ್ರೀಡಾ ಕಾರ್ಟರ್ ಬಂಡೆಗಳ ಸಂದಿಯಲ್ಲಿ ದಾರ ಎಳೆದು ಕಾಲುದಾರಿ ಗುರುತಿಸಿದರು, ಕಾಡುಗಿಡಗಳನ್ನು ತಂದು ನೆಟ್ಟರು, ಜರ್ಮನಿಯಿಂದ ಕುಳ್ಳ ಬೊಂಬೆಗಳನ್ನು ತರಿಸಿ ಅಲ್ಲಲ್ಲಿ ಕೂರಿಸಿದರು. ಗಂಡ ಗಾರ್ನೆಟ್ ಕಾರ್ಟರ್ ಪುಟಾಣಿ ಗಾಲ್ಫ್ ಆಟವನ್ನು ದೇಶಕ್ಕೆಲ್ಲ ಮಾರಿದ ವ್ಯಾಪಾರಿ. ಹೆಂಡತಿಯ ತೋಟದಲ್ಲಿ ಟಿಕೆಟ್ ಕಿಟಕಿ ತೆರೆಯಬಹುದು ಎಂಬುದು ಅವರಿಗೆ ಹೊಳೆಯಿತು. 1932ರ ಮೇ ತಿಂಗಳಲ್ಲಿ ರಾಕ್ ಸಿಟಿ ತೆರೆಯಿತು. ಬೆಟ್ಟದ ಮೇಲಿನ ತೋಟಕ್ಕೆ ಹೆದ್ದಾರಿಯ ಕಾರು ತಿರುಗಬೇಕಾದರೆ? ಕ್ಲಾರ್ಕ್ ಬೈಯರ್ಸ್ ಎಂಬ ಬಣ್ಣಗಾರನನ್ನು ಕರೆದರು. ರಸ್ತೆಗೆ ಕಾಣುವ ರೈತರ ಕೊಟ್ಟಿಗೆಗಳನ್ನು ಹುಡುಕಿ, ಇಡೀ ಕೊಟ್ಟಿಗೆಗೆ ಪುಕ್ಕಟೆ ಬಣ್ಣ ಹೊಡೆದು, ಮಾಡಿನ ಮೇಲೆ ‘ಸೀ ರಾಕ್ ಸಿಟಿ’ ಎಂದು ಆಳೆತ್ತರದ ಅಕ್ಷರದಲ್ಲಿ ಬರೆಯುವುದು ಕೆಲಸ. ಬೈಯರ್ಸ್ ದೀಪದ ಮಸಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ ಕಪ್ಪು ಬಣ್ಣ ಮಾಡಿಕೊಳ್ಳುತ್ತಿದ್ದ. ಇಳಿಜಾರು ಮಾಡಿನ ಮೇಲೆ ಹತ್ತಿ ಅಚ್ಚು ಇಲ್ಲದೆ, ಕೈಯಲ್ಲೇ ಅಕ್ಷರ ಬಿಡಿಸುತ್ತಿದ್ದ. ಮೂರು ದಶಕಗಳಲ್ಲಿ ಹತ್ತೊಂಬತ್ತು ರಾಜ್ಯಗಳ ಸುಮಾರು 900 ಮಾಡುಗಳು ಹೀಗೆ ಕಪ್ಪಾದವು.

ವಾಲ್ 1931, ರಾಕ್ ಸಿಟಿ 1932. ಮಿನೆಸೋಟದ ಬೆಮಿಜಿ ಊರಿನವರು ಜಾನಪದದ ಮರಕಡುಕ ಪಾಲ್ ಬನ್ಯನ್‌ನ ದೈತ್ಯ ಪ್ರತಿಮೆ ನಿಲ್ಲಿಸಿದ್ದು 1937. ಈ ಇಸವಿಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ಅಮೆರಿಕನ್ನರ ಹುಡುಗಾಟ, ತಲೆತಿರುಕತನ ಎಂದು ನಾವು ನಗುವ ಈ ವಸ್ತುಗಳು ಮುಗ್ಗಟ್ಟಿನ ಕಾಲದಲ್ಲಿ ಅಂಗಡಿ ಮುಚ್ಚದಿರಲು ನಡೆಸಿದ ಪಾಡು. ಉಪಾಯವೇನೂ ಹೊಸದಲ್ಲ. ಕಾರು ಬರುವುದಕ್ಕೂ ಮೊದಲೇ, 1881ರಲ್ಲಿ, ನ್ಯೂ ಜೆರ್ಸಿಯ ಕಡಲತೀರದಲ್ಲಿ ಜೇಮ್ಸ್ ಲ್ಯಾಫರ್ಟಿ ಎಂಬಾತ 65 ಅಡಿ ಎತ್ತರದ ಮರ ಮತ್ತು ತಗಡಿನ ಆನೆ ಕಟ್ಟಿಸಿದ್ದ. ಆತನದು ಸೈಟು ಮಾರುವ ದಂಧೆ. ಆನೆಯ ಕಾಲೊಳಗಿನ ಸುರುಳಿ ಮೆಟ್ಟಿಲಲ್ಲಿ ಗಿರಾಕಿಗಳನ್ನು ಬೆನ್ನ ಮೇಲಿನ ಅಂಬಾರಿಗೆ ಹತ್ತಿಸಿ, ಅಲ್ಲಿಂದ ತನ್ನ ಜಮೀನು ತೋರಿಸುತ್ತಿದ್ದ. ಮೈಸೂರಿನ ಆನೆ ಅಂಬಾರಿಯಲ್ಲಿ ದೇವಿ ಕೂರುತ್ತಾಳೆ. ಲ್ಯಾಫರ್ಟಿಯ ಅಂಬಾರಿಯಲ್ಲಿ ಮುಂಗಡ ಕೊಡಬೇಕಾದವರು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹೆದ್ದಾರಿಗೆ ಒಂದು ಹಾಡು ಸಿಕ್ಕಿತು. 1946ರಲ್ಲಿ ಬಾಬಿ ಟ್ರೂಪ್ ಎಂಬ ಯುವ ಸಂಗೀತಗಾರ ಹೆಂಡತಿ ಸಿಂಥಿಯಾ ಜೊತೆ ಬ್ಯೂಯಿಕ್ ಕಾರಿನಲ್ಲಿ ಪೆನ್ಸಿಲ್ವೇನಿಯಾದಿಂದ ಲಾಸ್ ಏಂಜಲಿಸ್‌ಗೆ ಹೊರಟಿದ್ದರು. 66ನೇ ಹೆದ್ದಾರಿಯ ಮೇಲೊಂದು ಹಾಡು ಕಟ್ಟಲು ಪಲ್ಲವಿಯ ಎಳೆ ಹಿಡಿದುಕೊಟ್ಟದ್ದು ಸಿಂಥಿಯಾ. ಅದೇ ವರ್ಷ ನ್ಯಾಟ್ ಕಿಂಗ್ ಕೋಲ್ ಹಾಡಿದರು, ದೇಶವೆಲ್ಲ ಗುನುಗಿತು. ಹಾಡಿನಲ್ಲಿ ದಾರಿಯ ಊರುಗಳ ಹೆಸರು ಸಾಲಾಗಿ ಬರುತ್ತವೆ. ಆ ದಾರಿಯ ಎಷ್ಟೋ ಹೋಟೆಲುಗಳಲ್ಲಿ, ಹಾಡಿದ ಕೋಲ್ ಅವರಿಗೇ ಹಾಸಿಗೆ ಸಿಗುತ್ತಿರಲಿಲ್ಲ. ಕಾರಣ, ಅವರು ಕಪ್ಪು ಜನಾಂಗದವರು. ಕತ್ತಲಾದ ಮೇಲೆ ಕಪ್ಪು ಜನ ಇರಕೂಡದೆಂಬ ಊರುಗಳೂ ಆ ಹೆದ್ದಾರಿಯಲ್ಲಿದ್ದವು.

ಹಾಗಾಗಿ ಅದೇ ರಸ್ತೆಗೆ ಇನ್ನೊಂದು ನಕ್ಷೆ ಬೇಕಾಯಿತು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ವಾಸವಾಗಿದ್ದ ಅಂಚೆಯವ ವಿಕ್ಟರ್ ಹ್ಯೂಗೊ ಗ್ರೀನ್ 1936ರಲ್ಲಿ, ಅಂದರೆ ವಾಲ್‌ನಲ್ಲಿ ಹಲಗೆ ನೆಟ್ಟ ವರ್ಷವೇ, ‘ಗ್ರೀನ್ ಬುಕ್’ ಶುರುಮಾಡಿದರು. ಕಪ್ಪು ಪ್ರಯಾಣಿಕರನ್ನು ಸೇರಿಸುವ ಹೋಟೆಲು, ಖಾನಾವಳಿ, ಪೆಟ್ರೋಲ್ ಬಂಕು, ಕ್ಷೌರದಂಗಡಿಗಳ ಪಟ್ಟಿ ಅದು. ಹೋಟೆಲಿಲ್ಲದ ಊರಲ್ಲಿ ರಾತ್ರಿಗೆ ಕೋಣೆ ಕೊಡುವ ಮನೆಗಳ ವಿಳಾಸವೂ ಇರುತ್ತಿತ್ತು. ಗ್ರೀನ್ ಪತ್ರ ಹಂಚುತ್ತಿದ್ದ ಊರು ನ್ಯೂ ಜೆರ್ಸಿಯ ಹ್ಯಾಕನ್‌ಸ್ಯಾಕ್, ಆಲಿಸ್ ರಾಮ್ಸಿಯ ಊರೂ ಅದೇ. ಎಸ್ಸೊ ಕಂಪನಿಯ ಬಂಕುಗಳಲ್ಲಿ ಈ ಪುಸ್ತಕ ಸಿಗುತ್ತಿತ್ತು. 1960ರಲ್ಲಿ ಗ್ರೀನ್ ತೀರಿಕೊಂಡ ಮೇಲೆ ಹೆಂಡತಿ ಆಲ್ಮಾ ಅದನ್ನು ನಡೆಸಿದರು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಬಂದು ಎರಡು ಮೂರು ವರ್ಷಗಳಲ್ಲಿ ಅದು ನಿಂತಿತು. ಅಲ್ಲಿಯವರೆಗೆ ಕಪ್ಪು ದಂಪತಿಗಳು ಬುತ್ತಿ ಕಟ್ಟಿಕೊಂಡು, ಡಬ್ಬಿಯಲ್ಲಿ ಹೆಚ್ಚುವರಿ ಪೆಟ್ರೋಲ್ ತುಂಬಿಕೊಂಡು ಹೊರಡುತ್ತಿದ್ದರು. ದಾರಿಬದಿಯ ಡೈನೊಸಾರ್ ಬೊಂಬೆ ಕಂಡೊಡನೆ ಬ್ರೇಕ್ ಹಾಕುವ ಚೈನಿಯ ಪ್ರಯಾಣ ಎಲ್ಲರದ್ದಾಗಿರಲಿಲ್ಲ ಎಂಬುದನ್ನು 66ರ ಬಗ್ಗೆ ಬರುವ ಚಂದದ ಫೋಟೊ ಪುಸ್ತಕಗಳು ಮೊನ್ನೆ ಮೊನ್ನೆಯವರೆಗೂ ಹೇಳುತ್ತಿರಲಿಲ್ಲ.

ಕಾರು ನಿಲ್ಲಿಸುವ ಕಸುಬಿಗೆ ಪೆಟ್ಟು ಬಿದ್ದದ್ದು 1956ರಲ್ಲಿ. 1919ರಲ್ಲಿ ಸೇನೆಯ ಲಾರಿ ಸಾಲಿನೊಂದಿಗೆ ಎರಡು ತಿಂಗಳು ಹೆಣಗಾಡಿ ದೇಶ ದಾಟಿದ್ದ ಯುವ ಅಧಿಕಾರಿ ಡ್ವೈಟ್ ಐಸೆನ್‌ಹೋವರ್ ಈಗ ಅಧ್ಯಕ್ಷರಾಗಿದ್ದರು. ಅವರು ಸಹಿ ಹಾಕಿದ ಕಾಯ್ದೆ 41,000 ಮೈಲಿಯ ಅಂತರರಾಜ್ಯ ಹೆದ್ದಾರಿಗಳಿಗೆ ದಾರಿ ಮಾಡಿತು. ಹೊಸ ರಸ್ತೆ ಊರೊಳಗೆ ಬರುವುದಿಲ್ಲ. ಬೇಕಾದಲ್ಲಿ ನಿಲ್ಲಿಸುವ ಹಾಗಿಲ್ಲ, ಇಂತಿಷ್ಟು ಮೈಲಿಗೊಂದು ಇಳಿದಾರಿ. ಎಪ್ಪತ್ತು ಮೈಲಿ ವೇಗದಲ್ಲಿ ಆರು ಹಲಗೆಯ ಚುಟುಕವನ್ನು ಯಾರು ಓದುತ್ತಾರೆ? 1963ರಲ್ಲಿ ಬರ್ಮಾ ಶೇವ್ ಹಲಗೆಗಳು ಕಿತ್ತುಹೋದವು. 1965ರಲ್ಲಿ ಅಧ್ಯಕ್ಷ ಜಾನ್ಸನ್ ಅವರ ಪತ್ನಿ ಲೇಡಿ ಬರ್ಡ್ ಬೆನ್ನುಬಿದ್ದು ಮಾಡಿಸಿದ ಹೆದ್ದಾರಿ ಸೌಂದರ್ಯ ಕಾಯ್ದೆ ಬಂದು ರಸ್ತೆಯಂಚಿನ ಜಾಹೀರಾತಿಗೆ ಕಡಿವಾಣ ಹಾಕಿತು. ಬೈಯರ್ಸ್‌ನ ಅನೇಕ ಕೊಟ್ಟಿಗೆಗಳ ಮೇಲೆ ಬೇರೆ ಬಣ್ಣ ಬಿತ್ತು. ವಾಲ್ ಅಂಗಡಿಯವರು ಬೋರ್ಡಿಲ್ಲದಿದ್ದರೇನಂತೆ ಎಂದು ಹೊಸ ಹೆದ್ದಾರಿಗೆ ಕಾಣುವಂತೆ 80 ಅಡಿಯ ಡೈನೊಸಾರ್ ನಿಲ್ಲಿಸಿದರು.

ದುಡ್ಡಿನ ಲೆಕ್ಕವಿಲ್ಲದೆ ಹುಟ್ಟಿದ ವಿಚಿತ್ರಗಳೂ ಇವೆ ಅನ್ನಿ. ಮಿನೆಸೋಟದ ಡಾರ್ವಿನ್ ಎಂಬಲ್ಲಿ ಫ್ರಾನ್ಸಿಸ್ ಜಾನ್ಸನ್ 1950ರಿಂದ 29 ವರ್ಷ ಹುರಿಹಗ್ಗ ಸುತ್ತಿ ಹನ್ನೆರಡು ಅಡಿ ಅಗಲದ ಉಂಡೆ ಮಾಡಿಟ್ಟ. ಯಾಕೆಂದು ಕೇಳಬಾರದು. 1974ರಲ್ಲಿ ಟೆಕ್ಸಸ್‌ನ ಅಮರಿಲೊ ಬಳಿ ಹತ್ತು ಕ್ಯಾಡಿಲಾಕ್ ಕಾರುಗಳನ್ನು ಮೂಗು ಕೆಳಗಾಗಿ ಹೊಲದಲ್ಲಿ ಹೂಳಲಾಯಿತು. ಹೋದವರೆಲ್ಲ ಸ್ಪ್ರೇ ಬಣ್ಣ ಹೊಡೆದು ಬರುವುದು ವಾಡಿಕೆ. ಒಕ್ಲಹೋಮಾದ ಕಟೂಸದ ನೀಲಿ ತಿಮಿಂಗಿಲದ ಹುಟ್ಟು ಇನ್ನೂ ಖಾಸಗಿ. ಮೃಗಾಲಯದ ನಿರ್ದೇಶಕರಾಗಿದ್ದು ನಿವೃತ್ತರಾದ ಹ್ಯೂ ಡೇವಿಸ್ ಅವರ ಹೆಂಡತಿ ಜೆಲ್ಟಾಗೆ ತಿಮಿಂಗಿಲದ ಪುಟ್ಟ ಬೊಂಬೆಗಳನ್ನು ಕೂಡಿಡುವ ಹವ್ಯಾಸ. ಮದುವೆಯ ವಾರ್ಷಿಕೋತ್ಸವಕ್ಕೆಂದು ಹ್ಯೂ ಮನೆಯ ಕೊಳದಲ್ಲಿ ಪೈಪಿನ ಹಂದರಕ್ಕೆ ಕೈಯಾರೆ ಕಾಂಕ್ರೀಟು ಮೆತ್ತಿ 80 ಅಡಿ ಉದ್ದದ ತಿಮಿಂಗಿಲ ಕಟ್ಟಿದರು. 1972ರ ಹೊತ್ತಿಗೆ ಅದು ಮುಗಿಯಿತು. ಬಾಲದಿಂದ ನೀರಿಗೆ ಧುಮುಕಬಹುದು, ಪಕ್ಕೆಯಿಂದ ಜಾರಬಹುದು. ಮನೆಯವರಿಗಾಗಿ ಮಾಡಿದ್ದಕ್ಕೆ 66ರಲ್ಲಿ ಹೋಗುವವರೆಲ್ಲ ಕೇಳದೆ ಬಂದು ಈಜತೊಡಗಿದಾಗ ಕೊನೆಗೆ ಮರಳು ಹಾಸಿ, ಟಿಕೆಟ್ ಇಟ್ಟು, ಕಾವಲಿನವರನ್ನು ನೇಮಿಸಬೇಕಾಯಿತು. 1988ರಲ್ಲಿ ಈಜು ನಿಂತಿತು. 2020ರಲ್ಲಿ ಊರಿನ ಆಡಳಿತವೇ ಅದನ್ನು ಕೊಂಡಿತು.

ಅರಿಜೋನಾದ ಸೆಲಿಗ್‌ಮನ್‌ನಲ್ಲಿ 1978ರ ಸೆಪ್ಟೆಂಬರ್ 22ರಂದು ಹೊಸ ಹೆದ್ದಾರಿ ತೆರೆಯಿತು, ಆ ದಿನವೇ ಊರ ಬೀದಿ ಬರಿದಾಯಿತು. 1985ರಲ್ಲಿ 66 ಎಂಬ ಅಂಕಿಯನ್ನೇ ಅಧಿಕೃತ ಪಟ್ಟಿಯಿಂದ ತೆಗೆದುಹಾಕಿದರು. ಸೆಲಿಗ್‌ಮನ್‌ನ ಕ್ಷೌರಿಕ ಏಂಜೆಲ್ ಡೆಲ್ಗಾಡಿಯೊ ಸುಮ್ಮನಿರಲಿಲ್ಲ. 1987ರಲ್ಲಿ ಅಕ್ಕಪಕ್ಕದ ಊರಿನವರನ್ನು ಕೂಡಿಸಿ ಸಂಘ ಕಟ್ಟಿ, ಹಳೆಯ ರಸ್ತೆಯನ್ನು ‘ಐತಿಹಾಸಿಕ’ವೆಂದು ರಾಜ್ಯ ಸರ್ಕಾರ ಒಪ್ಪುವಂತೆ ಮಾಡಿದರು. ಅವರ ಅಣ್ಣ ಹ್ವಾನ್ 1953ರಲ್ಲಿ ರೈಲ್ವೆಯವರು ಬಿಸಾಕಿದ ಮರಮುಟ್ಟಿನಿಂದ ಕಟ್ಟಿದ ಸ್ನೋ ಕ್ಯಾಪ್ ಎಂಬ ತಿಂಡಿ ಅಂಗಡಿಯ ಬಾಗಿಲಿಗೆ ಎರಡು ಹಿಡಿಗಳು. ಒಂದು ಸುಳ್ಳು ಹಿಡಿ. ಹೊಸಬರು ಅದನ್ನೇ ಜಗ್ಗಾಡುತ್ತಾರೆ. ಸಾಸಿವೆ ಬೇಕೆಂದರೆ ಬಾಟಲಿ ಒತ್ತುತ್ತಾರೆ, ಗಿರಾಕಿಯ ಅಂಗಿಯ ಮೇಲೆ ಹಳದಿ ದಾರ ಚಿಮ್ಮುತ್ತದೆ. ಅಲ್ಲಿಗೆ ಈಗ ಜರ್ಮನಿಯಿಂದ, ಜಪಾನಿನಿಂದ ಬಸ್ಸು ತುಂಬ ಜನ ಬರುತ್ತಾರೆ. ಮೊದಲು ಎಲ್ಲಿಗೋ ಹೋಗುವವರು ನಡುವೆ ನಿಲ್ಲುತ್ತಿದ್ದರು. ಈಗ ನಿಲ್ಲುವುದಕ್ಕೆಂದೇ ಹೊರಡುತ್ತಾರೆ.

ಈ ಮರುಜೀವದಲ್ಲಿ ಭಾರತೀಯರ ಪಾಲು ದೊಡ್ಡದು. ಮೊಟೆಲು ಎಂಬ ಹೆಸರು ಹೊತ್ತ ಮೊದಲ ತಂಗುದಾಣ 1925ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೊದಲ್ಲಿ ತೆರೆದದ್ದು. ಹೊಸ ಹೆದ್ದಾರಿಗಳಿಂದ ಹೊಡೆತ ತಿಂದು ಅಗ್ಗವಾದ ಇಂಥ ಹಳೆಯ ಮೊಟೆಲುಗಳನ್ನು ಗುಜರಾತಿ ದಂಪತಿಗಳು ಕೊಂಡರು. ಗಂಡ ಕೌಂಟರಿನಲ್ಲಿ, ಹೆಂಡತಿ ಕೋಣೆಗಳ ಚಾದರ ಬದಲಿಸುತ್ತ, ಹಿಂದಿನ ಕೋಣೆಯಲ್ಲೇ ಸಂಸಾರ, ಆಳಿನ ಖರ್ಚಿಲ್ಲ. ಇಂದು ದೇಶದ ಮೊಟೆಲುಗಳಲ್ಲಿ ಸುಮಾರು ಅರ್ಧ ಭಾರತೀಯ ಮೂಲದವರದು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಕೆಲವು ಪೈಪೋಟಿದಾರರು ತಮ್ಮ ಬಾಗಿಲಿಗೆ ‘ಅಮೆರಿಕನ್ನರ ಒಡೆತನದ್ದು’ ಎಂದು ಬೋರ್ಡು ತೂಗುಹಾಕಿದ್ದರು. ವಿಮೆ ಕೊಡಲು ಕಂಪನಿಗಳೂ ಹಿಂದೇಟು ಹಾಕುತ್ತಿದ್ದವು. ಆಗಲೇ ಭಾರತೀಯ ಮಾಲೀಕರು ಸಂಘ ಕಟ್ಟಿಕೊಂಡದ್ದು.

66ನೇ ಹೆದ್ದಾರಿಯ ಪಶ್ಚಿಮ ತುದಿಯ ಹತ್ತಿರ ಸ್ಯಾನ್ ಬರ್ನಾರ್ಡಿನೊದಲ್ಲಿ ವಿಗ್ವಾಮ್ ಮೊಟೆಲ್ ಇದೆ. ಪ್ರತಿ ಕೋಣೆಯೂ ಕಾಂಕ್ರೀಟಿನ ಶಂಕುವಿನಾಕಾರದ ಡೇರೆ. ಮೂಲನಿವಾಸಿಗಳನ್ನು ಅವರ ನೆಲದಿಂದ ಓಡಿಸಿ ಅವರ ಡೇರೆಯನ್ನು ಬಾಡಿಗೆಗೆ ಬಿಟ್ಟ ವ್ಯಾಪಾರ ಇದೆಂದು ಇಂದು ಕಾಣುತ್ತದೆ, ಕಟ್ಟಿದ ಫ್ರಾಂಕ್ ರೆಡ್‌ಫರ್ಡ್‌ನಿಗೆ ಕಂಡಿರಲಾರದು. ಇದೇ ಮಾದರಿಯ ಇನ್ನೊಂದು ಮೊಟೆಲನ್ನು ಅರಿಜೋನಾದ ಹಾಲ್‌ಬ್ರೂಕ್‌ನಲ್ಲಿ ಕಟ್ಟಿಕೊಂಡ ಚೆಸ್ಟರ್ ಲೂಯಿಸ್, ನಕ್ಷೆಯ ಹಕ್ಕಿಗೆ ರೆಡ್‌ಫರ್ಡ್‌ನಿಗೆ ತೆತ್ತದ್ದು ಕೋಣೆಗಳ ರೇಡಿಯೊ ಪೆಟ್ಟಿಗೆಯಲ್ಲಿ ಬಿದ್ದ ಹತ್ತು ಸೆಂಟಿನ ನಾಣ್ಯಗಳನ್ನು. ಒಂದು ನಾಣ್ಯಕ್ಕೆ ಅರ್ಧ ಗಂಟೆ ಹಾಡು. ಸ್ಯಾನ್ ಬರ್ನಾರ್ಡಿನೊದ ಮೊಟೆಲು ಹಾಳುಬಿದ್ದು ಹೆಸರು ಕೆಡಿಸಿಕೊಂಡಿತ್ತು. 2003ರಲ್ಲಿ ಒಂದು ಗುಜರಾತಿ ಕುಟುಂಬ ಅದನ್ನು ಕೊಂಡು, ಡೇರೆಗಳಿಗೆ ಬಣ್ಣ ಹೊಡೆಸಿ, ಕೋಣೆಗಳನ್ನು ಸರಿಪಡಿಸಿ ಮತ್ತೆ ನಡೆಸತೊಡಗಿತು. ಒಂಬತ್ತು ವರ್ಷಗಳ ಮೇಲೆ ಅದು ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು.